ಲಂಡನ್ನಿಗೆ ಬೇಡವಾದದ್ದಕ್ಕೆ ಜಾಗ ಕೊಟ್ಟ ಊರು ವೋಕಿಂಗ್

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ನೈಋತ್ಯ ದಿಕ್ಕಿಗೆ ಹೊರಡುವ ವೇಗದ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ವೋಕಿಂಗ್ ಸಿಗುತ್ತದೆ. ದೂರ ಸುಮಾರು 40 ಕಿಲೋಮೀಟರ್. ಸರ್ರೆ ಜಿಲ್ಲೆಯ ಈ ಪಟ್ಟಣ ಮತ್ತು ಸುತ್ತಲ ಹಳ್ಳಿಗಳು ಸೇರಿ ಜನಸಂಖ್ಯೆ ಒಂದು ಲಕ್ಷದಷ್ಟು. ಬೆಳಿಗ್ಗೆ ರೈಲು ಹಿಡಿದು ಲಂಡನ್ನಿನ ಕಚೇರಿಗಳಿಗೆ ಹೋಗಿ, ಸಂಜೆ ಮನೆ ಸೇರಿಕೊಳ್ಳುವವರ ಊರು ಇದು. ಇಂಥ ಊರುಗಳು ಲಂಡನ್ನಿನ ಸುತ್ತ ಹತ್ತಾರು ಇವೆ. ಅಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳಿದರೆ ಅಂಗಡಿ ಸಾಲು, ಕಾಲುವೆ ದಂಡೆ, ಒಂದು ನಾಟಕಶಾಲೆ ಎಂಬ ಉತ್ತರ ಬರುವುದೇ ಹೆಚ್ಚು.

ವೋಕಿಂಗ್‌ನ ಮಾತು ಬೇರೆ. ಲಂಡನ್ ಮಹಾನಗರ ತನ್ನೊಳಗೆ ಜಾಗವಿಲ್ಲವೆಂದು, ತನ್ನ ಕಣ್ಣೆದುರು ಬೇಡವೆಂದು ಹೊರಕ್ಕೆ ಸಾಗಹಾಕಿದ್ದೆಲ್ಲ ಬಂದು ಸೇರಿದ್ದು ಇಲ್ಲಿಯ ಬಂಜರಿಗೆ. ಕಾಲರಾದಿಂದ ಸತ್ತವರ ಹೆಣ, ಕಾಯಿಲೆ ಬಿದ್ದ ಕೈದಿಗಳು, ಮಾನಸಿಕ ರೋಗಿಗಳು, ಶವ ಸುಡಬೇಕೆಂಬ ಹೊಸ ವಾದ, ದೂರದೇಶದ ಧರ್ಮ ಎಲ್ಲಕ್ಕೂ ಇಲ್ಲಿ ನೆಲ ದೊರೆಯಿತು. ಇಂದು ಊರಿನಲ್ಲಿ ನೋಡಲು ಯೋಗ್ಯವಾದದ್ದರಲ್ಲಿ ಬಹುಪಾಲು ಹಾಗೆ ಬಂದು ಸೇರಿದ್ದೇ. ಬೆಂಗಳೂರಿನವರು ದಿನವೂ ಬಾಯಲ್ಲಿ ಹೇಳುವ ಒಂದು ಹೆಸರಿನ ಸಮಾಧಿಯೂ ಅದರಲ್ಲಿದೆ.

ಹಳೆಯ ವೋಕಿಂಗ್ ಎಂಬುದು ವೇ ನದಿಯ ದಂಡೆಯ ಒಂದು ಹಳ್ಳಿ. ಅಲ್ಲಿ ಟ್ಯೂಡರ್ ದೊರೆಗಳಾದ ಏಳನೇ ಮತ್ತು ಎಂಟನೇ ಹೆನ್ರಿ ಬಂದು ತಂಗುತ್ತಿದ್ದ ಅರಮನೆಯೊಂದಿತ್ತು. ಈಗ ಉಳಿದಿರುವುದು ಕಂದಕ ಮತ್ತು ಒಂದಿಷ್ಟು ಗೋಡೆ. 1838ರ ಮೇ ತಿಂಗಳಲ್ಲಿ ಲಂಡನ್-ಸೌತಾಂಪ್ಟನ್ ರೈಲು ಮಾರ್ಗ ಬಂದಾಗ ನಿಲ್ದಾಣ ಕಟ್ಟಿದ್ದು ಆ ಹಳ್ಳಿಯಿಂದ ಎರಡು ಮೂರು ಕಿಲೋಮೀಟರ್ ದೂರದ ಬಯಲಿನಲ್ಲಿ. ಮರಳು ಮಣ್ಣು, ಕುರುಚಲು ಗಿಡ, ದನ ಮೇಯಿಸುವ ಗೋಮಾಳ, ಪಕ್ಕದಲ್ಲಿ 1794ರಲ್ಲಿ ತೆರೆದಿದ್ದ ಬೇಸಿಂಗ್‌ಸ್ಟೋಕ್ ಕಾಲುವೆ. ಬೇಸಾಯಕ್ಕೆ ಬಾರದ ಈ ನೆಲದ ಮೇಲೆ ಮುಂದೆ ಹದಿನಾಲ್ಕೇ ವರ್ಷಗಳಲ್ಲಿ ಒಂದು ಕಂಪನಿಯ ಕಣ್ಣು ಬಿತ್ತು.

ಹೆಣಗಳಿಗೊಂದು ರೈಲು

ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಲಂಡನ್ನಿನ ಜನಸಂಖ್ಯೆ ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷ ದಾಟಿತು. ಹೆಣ ಹೂಳುವ ಜಾಗ ಮಾತ್ರ ಹಳೆಯ ಚರ್ಚುಗಳ ಅಂಗಳವೇ. ಒಂದರ ಮೇಲೊಂದು ಪೆಟ್ಟಿಗೆ ಹೂತು, ಹೊಸದಕ್ಕೆ ಜಾಗ ಮಾಡಲು ಹಳೆಯದನ್ನು ಅಗೆದು ತೆಗೆಯುವ ಸ್ಥಿತಿ ಬಂದಿತ್ತು. 1848-49ರ ಕಾಲರಾ ಹಾವಳಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಲಂಡನ್ ನಿವಾಸಿಗಳನ್ನು ಬಲಿ ತೆಗೆದುಕೊಂಡಾಗ ವ್ಯವಸ್ಥೆ ಕುಸಿಯಿತು. ನಗರದೊಳಗೆ ಹೂಳುವುದನ್ನು ನಿಲ್ಲಿಸಲು ಸರ್ಕಾರ ಕಾನೂನು ತಂದಿತು. ಹಾಗಾದರೆ ಹೂಳುವುದು ಎಲ್ಲಿ?

ಸರ್ ರಿಚರ್ಡ್ ಬ್ರೌನ್ ಮತ್ತು ರಿಚರ್ಡ್ ಸ್ಪ್ರೈ ಎಂಬಿಬ್ಬರ ಯೋಜನೆ ಸರಳವಾಗಿತ್ತು. ನಗರದಿಂದ ದೂರದಲ್ಲಿ ಅಗ್ಗದ ನೆಲ ಕೊಳ್ಳುವುದು, ಹೆಣಗಳನ್ನು ರೈಲಿನಲ್ಲಿ ಒಯ್ಯುವುದು. 1852ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ‘ಲಂಡನ್ ನೆಕ್ರೊಪೊಲಿಸ್’ ಕಂಪನಿ ಹುಟ್ಟಿತು. ನೆಕ್ರೊಪೊಲಿಸ್ ಎಂಬ ಗ್ರೀಕ್ ಮಾತಿಗೆ ಸತ್ತವರ ನಗರ ಎಂದರ್ಥ. ಕಂಪನಿ ಓನ್‌ಸ್ಲೋ ಪ್ರಭುವಿನಿಂದ ವೋಕಿಂಗ್‌ನ ಬಂಜರು ಎರಡು ಸಾವಿರ ಎಕರೆಗೂ ಹೆಚ್ಚು ಕೊಂಡಿತು. ಅದರಲ್ಲಿ ಸುಮಾರು 500 ಎಕರೆಯನ್ನು ಸ್ಮಶಾನವಾಗಿ ರೂಪಿಸಿ 1854ರ ನವೆಂಬರ್‌ನಲ್ಲಿ ತೆರೆಯಿತು. ಇದೇ ಬ್ರೂಕ್‌ವುಡ್. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡದು ಎನಿಸಿಕೊಂಡ ರುದ್ರಭೂಮಿ.

ವಾಟರ್‌ಲೂ ಬಳಿ ಕಂಪನಿಗೆ ತನ್ನದೇ ನಿಲ್ದಾಣವಿತ್ತು. ಅಲ್ಲಿಂದ ದಿನಕ್ಕೊಂದು ರೈಲು ಶವಪೆಟ್ಟಿಗೆಗಳನ್ನೂ ಬಂಧುಗಳನ್ನೂ ಹೊತ್ತು ಹೊರಡುತ್ತಿತ್ತು. ಇಂಗ್ಲಿಷರ ವರ್ಗಭೇದ ಎಷ್ಟು ಆಳಕ್ಕಿಳಿದಿತ್ತು ಎಂಬುದನ್ನು ನೋಡಬೇಕಾದರೆ ಈ ರೈಲಿನ ಟಿಕೆಟ್ ನೋಡಬೇಕು. ಬದುಕಿದ್ದವರಿಗಿದ್ದಂತೆ ಸತ್ತವರಿಗೂ ಒಂದನೇ, ಎರಡನೇ, ಮೂರನೇ ದರ್ಜೆ. ಒಂದನೇ ದರ್ಜೆಯ ಶವಪೆಟ್ಟಿಗೆಗೆ ಒಂದು ಪೌಂಡ್, ಮೂರನೆಯದಕ್ಕೆ ಎರಡೂವರೆ ಷಿಲಿಂಗ್. ಜೊತೆಗೆ ಹೋಗುವವರಿಗೆ ಹೋಗಿಬರುವ ಟಿಕೆಟ್, ಹೆಣಕ್ಕೆ ಮಾತ್ರ ಹೋಗುವ ಟಿಕೆಟ್! ಸ್ಮಶಾನದೊಳಗೆ ಎರಡು ನಿಲ್ದಾಣಗಳು. ದಕ್ಷಿಣದ್ದು ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದವರಿಗೆ, ಉತ್ತರದ್ದು ಉಳಿದೆಲ್ಲರಿಗೆ. ರೈಲು ಹಳಿಗೆ ಬರುವುದಕ್ಕೆ ಹತ್ತು ವರ್ಷ ಮೊದಲೇ ಲಂಡನ್ನಿನ ಬಿಷಪ್ ಬ್ಲೂಮ್‌ಫೀಲ್ಡ್, ಹೆಣ ಸಾಗಿಸಲು ರೈಲು ಬಳಸುವ ವಿಚಾರಕ್ಕೇ ಆಕ್ಷೇಪ ಎತ್ತಿದ್ದರು. ರೈಲಿನ ಗದ್ದಲ ಕ್ರೈಸ್ತ ಅಂತ್ಯಕ್ರಿಯೆಯ ಗಾಂಭೀರ್ಯಕ್ಕೆ ಒಪ್ಪದು ಎಂಬುದು ಒಂದು ಕಾರಣ. ಮರ್ಯಾದಸ್ಥರ ಹೆಣ ದುರ್ನಡತೆಯವರ ಹೆಣದೊಂದಿಗೆ ಒಂದೇ ಗಾಡಿಯಲ್ಲಿ ಪಯಣಿಸಬೇಕಾದೀತಲ್ಲ ಎಂಬುದು ಇನ್ನೊಂದು.

ಕಂಪನಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಇಲ್ಲಿಗೆ ಬಂದವರಲ್ಲಿ ಬಹುಪಾಲು ಜನ ದಿಕ್ಕಿಲ್ಲದ ಬಡವರು. ಅವರ ಖರ್ಚನ್ನು ಲಂಡನ್ನಿನ ಪ್ಯಾರಿಷ್‌ಗಳು ಭರಿಸುತ್ತಿದ್ದವು. ಬೇರೆಡೆ ಇಂಥವರನ್ನು ಒಂದೇ ಹಳ್ಳದಲ್ಲಿ ಒಟ್ಟಿಗೆ ಹೂಳುವುದು ವಾಡಿಕೆಯಾಗಿದ್ದಾಗ ಬ್ರೂಕ್‌ವುಡ್‌ನಲ್ಲಿ ಕಡುಬಡವನಿಗೂ ಅವನದೇ ಒಂದು ಗುಂಡಿ ಸಿಗುತ್ತಿತ್ತು. ಮೇಲೆ ಕಲ್ಲು ನಿಲ್ಲಿಸುವ ಹಕ್ಕು ಮಾತ್ರ ಇರಲಿಲ್ಲ. ಆದ್ದರಿಂದ ಇಂದು ಅಲ್ಲಿ ಅಡ್ಡಾಡುವವರಿಗೆ ಗೋರಿಗಳಿಗಿಂತ ಹೆಚ್ಚಾಗಿ ಖಾಲಿ ಹುಲ್ಲುಗಾವಲೇ ಕಾಣುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ಜನ ಮಲಗಿರುವ ನೆಲ ಅದು.

ಕಾಯ್ದೆಯಲ್ಲೇ ನಿಗದಿಯಾಗಿದ್ದ ಟಿಕೆಟ್ ದರ ಸುಮಾರು ತೊಂಬತ್ತು ವರ್ಷ ಏರಲಿಲ್ಲ. ಸಾಮಾನ್ಯ ರೈಲಿಗಿಂತ ಅಗ್ಗವೆಂದು, ವೋಕಿಂಗ್‌ನ ಗಾಲ್ಫ್ ಮೈದಾನಕ್ಕೆ ಹೋಗುವವರು ಶೋಕದ ಕಪ್ಪು ಬಟ್ಟೆ ತೊಟ್ಟು ಈ ರೈಲು ಹತ್ತುತ್ತಿದ್ದರೆಂಬ ಕತೆ ಊರಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. 1941ರ ಏಪ್ರಿಲ್‌ನಲ್ಲಿ ಜರ್ಮನ್ ವಿಮಾನಗಳ ಬಾಂಬಿಗೆ ಲಂಡನ್ನಿನ ಆ ನಿಲ್ದಾಣ ತುತ್ತಾಯಿತು. ರೈಲು ಅಲ್ಲಿಗೆ ನಿಂತಿತು.

ಮಾರಿದ ನೆಲದಲ್ಲಿ ಬೆಳೆದ ಊರು

ವ್ಯಾಪಾರವಾಗಿ ನೋಡಿದರೆ ಕಂಪನಿಯ ಲೆಕ್ಕ ತಪ್ಪಿತ್ತು. ಲಂಡನ್ನಿನ ಸತ್ತವರೆಲ್ಲ ತನ್ನಲ್ಲಿಗೇ ಬರುವರು, ವರ್ಷಕ್ಕೆ ಹತ್ತಾರು ಸಾವಿರ ಹೆಣ ಖಾತ್ರಿ ಎಂದು ಅದು ಎಣಿಸಿತ್ತು. ಬಂದದ್ದು ಕೆಲವೇ ಸಾವಿರ. ಕೈಯಲ್ಲಿ ಉಳಿದ ನೆಲವನ್ನು ಮಾರಲು ಅದು ಮತ್ತೆ ಪಾರ್ಲಿಮೆಂಟಿನ ಅನುಮತಿ ಪಡೆಯಿತು. ನಿಲ್ದಾಣದ ಸುತ್ತಲಿನ ತುಂಡುಗಳು ಬಿಕರಿಯಾದವು, ಅಂಗಡಿ ಮನೆಗಳು ಎದ್ದವು. ಇಂದಿನ ವೋಕಿಂಗ್ ಪಟ್ಟಣ ಹುಟ್ಟಿದ್ದು ಹೀಗೆ. ಸತ್ತವರಿಗೆಂದು ಕೊಂಡು ಮಿಕ್ಕ ನೆಲದಲ್ಲಿ ಬದುಕಿದವರು ಮನೆ ಕಟ್ಟಿಕೊಂಡರು ಎಂದರೂ ತಪ್ಪಲ್ಲ.

ಉಳಿದ ಗಿರಾಕಿಗಳು ಎಂಥವರು ನೋಡಿ. 1860ರ ಸುಮಾರಿಗೆ ಸರ್ಕಾರ ರೋಗಿಷ್ಠ ಕೈದಿಗಳ ಸೆರೆಮನೆಯೊಂದನ್ನು ಇಲ್ಲಿ ಕಟ್ಟಿತು. ಪಕ್ಕದಲ್ಲೇ ಹೆಂಗಸರ ಸೆರೆಮನೆ ಬಂತು. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನ ನೆಲಮಾಳಿಗೆಗೆ ಹಾಸಿರುವ ಬಣ್ಣದ ಕಲ್ಲುಚೂರಿನ ಚಿತ್ತಾರವನ್ನು ಜೋಡಿಸಿದ್ದು ಇಲ್ಲಿಯ ಹೆಂಗಸು ಕೈದಿಗಳೇ. 1867ರಲ್ಲಿ ದೊಡ್ಡದೊಂದು ಹುಚ್ಚಾಸ್ಪತ್ರೆ ಬಂತು, 1994ರವರೆಗೂ ನಡೆಯಿತು. ನಿವೃತ್ತ ನಟನಟಿಯರಿಗೆಂದು ಕಟ್ಟಿದ ಆಶ್ರಮ ಹಣವಿಲ್ಲದೆ ಹನ್ನೆರಡೇ ವರ್ಷಕ್ಕೆ ಮುಚ್ಚಿತು. ಅದರ ಕಟ್ಟಡದ ಕತೆ ಮುಂದೆ ಬರಲಿದೆ.

1878ರಲ್ಲಿ ಒಂದೇ ಒಂದು ಎಕರೆ ಕೊಂಡ ಗಿರಾಕಿಯಿಂದ ಎದ್ದ ಗದ್ದಲ ಎಲ್ಲಕ್ಕಿಂತ ದೊಡ್ಡದು. ಅದು ಶವದಹನದ ಪರವಾಗಿ ಹುಟ್ಟಿದ್ದ ಸಂಘ. ವಿಕ್ಟೋರಿಯಾ ರಾಣಿಯ ಶಸ್ತ್ರವೈದ್ಯ ಸರ್ ಹೆನ್ರಿ ಥಾಮ್ಸನ್ 1874ರಲ್ಲಿ ಅದನ್ನು ಸ್ಥಾಪಿಸಿದ್ದರು. ಹೆಣ ಸುಡುವುದು ನಮಗೆ ಹೊಸತಲ್ಲ. ಇಂಗ್ಲೆಂಡಿನಲ್ಲಿ ಮಾತ್ರ ಅದು ಕ್ರೈಸ್ತ ನಂಬಿಕೆಗೆ ಬಗೆದ ದ್ರೋಹವೆನಿಸಿತ್ತು. ಸತ್ತವರು ಕೊನೆಯ ದಿನ ದೇಹದೊಡನೆ ಎದ್ದು ಬರುತ್ತಾರೆಂಬ ವಿಶ್ವಾಸ ಅವರದು. 1833ರಲ್ಲಿ ಬ್ರಿಸ್ಟಲ್‌ನಲ್ಲಿ ತೀರಿಕೊಂಡ ರಾಜಾ ರಾಮಮೋಹನ ರಾಯರನ್ನೂ, 1846ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ದ್ವಾರಕಾನಾಥ ಟಾಗೋರರನ್ನೂ ಅಲ್ಲಿ ಹೂಳಲಾಯಿತು. ಆಗ ಅಲ್ಲಿ ಚಿತಾಗಾರ ಎಂಬುದೇ ಇರಲಿಲ್ಲ.

ಥಾಮ್ಸನ್ ಅವರ ಸಂಘ ಇಟಲಿಯ ಗೊರಿನಿ ಎಂಬ ತಜ್ಞನಿಂದ ಕುಲುಮೆ ಕಟ್ಟಿಸಿ, 1879ರ ಮಾರ್ಚ್‌ನಲ್ಲಿ ಸತ್ತ ಕುದುರೆಯೊಂದನ್ನು ಸುಟ್ಟು ಪರೀಕ್ಷೆ ಮಾಡಿತು. ಊರವರು ದಂಗೆ ಏಳುವುದೊಂದು ಬಾಕಿ. ಅವರ ನಿಯೋಗ ಗೃಹಮಂತ್ರಿಯ ಬಳಿಗೆ ಹೋಯಿತು, ಮಂತ್ರಿ ಕುಲುಮೆಗೆ ತಡೆ ಹಾಕಿದರು. ತೊಡಕು ಬಿಡಿಸಿದ್ದು ವೇಲ್ಸ್ ನಾಡಿನ ವಿಲಿಯಂ ಪ್ರೈಸ್ ಎಂಬ ಎಂಬತ್ತು ದಾಟಿದ ವಿಚಿತ್ರ ವೈದ್ಯ. 1884ರಲ್ಲಿ ತನ್ನ ಸತ್ತ ಕೂಸನ್ನು ಬೆಟ್ಟದ ಮೇಲೆ ಸುಡಲು ಹೋಗಿ ಬಂಧನಕ್ಕೊಳಗಾದ ಈತನ ಮೊಕದ್ದಮೆಯಲ್ಲಿ, ನೆರೆಹೊರೆಗೆ ಉಪದ್ರವವಾಗದಂತೆ ಹೆಣ ಸುಡುವುದು ಅಪರಾಧವಲ್ಲ ಎಂದು ನ್ಯಾಯಮೂರ್ತಿ ಸ್ಟೀಫನ್ ತೀರ್ಪಿತ್ತರು. ಮರುವರ್ಷ ಮಾರ್ಚ್ 26ರಂದು ಜೆನೆಟ್ ಪಿಕರ್ಸ್‌ಗಿಲ್ ಎಂಬ ಮಹಿಳೆಯ ದೇಹ ವೋಕಿಂಗ್‌ನಲ್ಲಿ ದಹನವಾಯಿತು. ಆಧುನಿಕ ಬ್ರಿಟನ್ನಿನ ಮೊದಲ ಅಧಿಕೃತ ಶವದಹನ ಅದು. ಆ ವರ್ಷವಿಡೀ ನಡೆದದ್ದು ಮೂರು, ಮರುವರ್ಷ ಹತ್ತು. 1895ರಲ್ಲಿ ಕಾರ್ಲ್ ಮಾರ್ಕ್ಸ್‌ನ ಸಂಗಾತಿ ಫ್ರೆಡರಿಕ್ ಎಂಗೆಲ್ಸ್ ಇಲ್ಲಿ ಬೂದಿಯಾದ. ಇಂದು ಬ್ರಿಟನ್ನಿನಲ್ಲಿ ಸತ್ತವರ ಪೈಕಿ ನಾಲ್ವರಲ್ಲಿ ಮೂವರಿಗೂ ಹೆಚ್ಚು ಮಂದಿಗೆ ದಹನವೇ. ಕೆಂಪು ಇಟ್ಟಿಗೆಯ ಆ ಚಿತಾಗಾರ ಈಗಲೂ ಕೆಲಸ ಮಾಡುತ್ತಿದೆ.

ಬೇಗಂ ಕೊಟ್ಟ ಹಣ

ನಟರ ಆಶ್ರಮ ಮುಚ್ಚಿದ ಮೇಲೆ ಆ ಕಟ್ಟಡ ಕೊಂಡವರು ಡಾ. ಲೈಟ್ನರ್. ಹಂಗೇರಿಯ ಯಹೂದಿ ಕುಟುಂಬದಲ್ಲಿ ಹುಟ್ಟಿದ ಈತ ಹತ್ತಾರು ಭಾಷೆಗಳನ್ನು ಬಲ್ಲವರು. ಲಾಹೋರಿನ ಸರ್ಕಾರಿ ಕಾಲೇಜಿಗೆ ಪ್ರಿನ್ಸಿಪಾಲರಾಗಿ, ಪಂಜಾಬ್ ವಿಶ್ವವಿದ್ಯಾಲಯದ ಸ್ಥಾಪನೆಗೆ ದುಡಿದು ಇಂಗ್ಲೆಂಡಿಗೆ ಮರಳಿದ್ದರು. ವೋಕಿಂಗ್‌ನಲ್ಲಿ ಪೌರಾತ್ಯ ವಿದ್ಯೆಗಳ ಸಂಸ್ಥೆಯೊಂದನ್ನು ತೆರೆದು, ಅದರ ಆವರಣದಲ್ಲಿ 1889ರಲ್ಲಿ ಮಸೀದಿ ಕಟ್ಟಿಸಿದರು. ಬ್ರಿಟನ್ನಿನಲ್ಲಿ ಮಸೀದಿಯೆಂದೇ ಕಟ್ಟಿದ ಮೊದಲ ಕಟ್ಟಡವಿದು. ಅದಕ್ಕೆ ಹಣ ಕೊಟ್ಟವರು ಭೋಪಾಲ್ ಸಂಸ್ಥಾನವನ್ನು ಆಳುತ್ತಿದ್ದ ಷಾಜಹಾನ್ ಬೇಗಂ. ಆದ್ದರಿಂದಲೇ ಅದು ಷಾಜಹಾನ್ ಮಸೀದಿ. ಮುಸ್ಲಿಂ ರಾಣಿಯ ಹಣ, ಯಹೂದಿ ಮೂಲದವರ ಶ್ರಮ, ವಿಲಿಯಂ ಚೇಂಬರ್ಸ್ ಎಂಬ ವಾಸ್ತುಶಿಲ್ಪಿಯ ನಕ್ಷೆ. ಒಂದು ಗುಮ್ಮಟದ ಈ ಪುಟ್ಟ ಕಟ್ಟಡ ರೈಲು ಹಳಿಯ ಸಮೀಪದಲ್ಲೇ ಇದೆ. ಬ್ರಿಟಿಷ್ ಸರ್ಕಾರ 2018ರಲ್ಲಿ ಅದನ್ನು ಸಂರಕ್ಷಿತ ಕಟ್ಟಡಗಳ ಮೊದಲ ಶ್ರೇಣಿಗೆ ಏರಿಸಿತು.

1899ರಲ್ಲಿ ಲೈಟ್ನರ್ ತೀರಿಕೊಂಡ ಮೇಲೆ ಸಂಸ್ಥೆ ಮುಚ್ಚಿತು. ಮಸೀದಿಗೆ ಬೀಗ ಬಿತ್ತು. ಲಾಹೋರಿನಿಂದ ಬಂದ ವಕೀಲ ಖ್ವಾಜಾ ಕಮಾಲುದ್ದೀನ್, ಪ್ರಿವಿ ಕೌನ್ಸಿಲ್‌ನ ನ್ಯಾಯಾಧೀಶ ಸೈಯದ್ ಅಮೀರ್ ಅಲಿ ಮೊದಲಾದವರ ನೆರವಿನಿಂದ 1913ರ ಹೊತ್ತಿಗೆ ಅದನ್ನು ಮತ್ತೆ ತೆರೆಸಿದರು. ತೆರೆದದ್ದು ಒಳ್ಳೆಯದೇ ಆಯಿತು. ಏಕೆಂದರೆ ಮರುವರ್ಷ ಮಹಾಯುದ್ಧ ಬಂತು, ಫ್ರಾನ್ಸ್‌ನ ಕಂದಕಗಳಲ್ಲಿ ಗಾಯಗೊಂಡ ಭಾರತದ ಸಿಪಾಯಿಗಳನ್ನು ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ತರಲಾಯಿತು. ಬ್ರೈಟನ್‌ನ ಅರಮನೆಯೇ ಅವರ ಆಸ್ಪತ್ರೆಯಾಯಿತು. ಅಲ್ಲಿ ಸತ್ತ ಹಿಂದೂ, ಸಿಖ್ ಸಿಪಾಯಿಗಳನ್ನು ಬ್ರೈಟನ್ ಬಳಿಯ ಗುಡ್ಡದ ಮೇಲೆ ತೆರೆದ ಚಿತೆಯಲ್ಲಿ ಸುಟ್ಟರು. ಮುಸ್ಲಿಮರನ್ನು ವೋಕಿಂಗ್‌ಗೆ ತಂದರು. ಬ್ರಿಟಿಷರು ಮುಸ್ಲಿಂ ಸಿಪಾಯಿಗಳಿಗೆ ಅವರ ವಿಧಿಯಂತೆ ಸಂಸ್ಕಾರ ಮಾಡುವುದಿಲ್ಲ ಎಂದು ಜರ್ಮನಿ ಪ್ರಚಾರ ನಡೆಸಿತ್ತು. ಅದಕ್ಕೆ ಉತ್ತರವೆಂಬಂತೆ ಊರ ಹೊರಗಿನ ಹಾರ್ಸೆಲ್ ಗೋಮಾಳದಲ್ಲಿ ಗುಮ್ಮಟದ ಬಾಗಿಲು, ಕಮಾನಿನ ಗೋಡೆಗಳ ಖಬರಸ್ಥಾನ ಎದ್ದಿತು. ಎರಡು ಯುದ್ಧಗಳಲ್ಲಿ ಮಡಿದ 27 ಮಂದಿಗೆ ಅಲ್ಲಿ ಜಾಗ ದೊರೆಯಿತು.

ಆದರೆ ಆ ನೆಲದಲ್ಲೂ ಅವರಿಗೆ ನೆಮ್ಮದಿ ಸಿಗಲಿಲ್ಲ. ಕಾವಲಿಲ್ಲದ ಜಾಗ ಪುಂಡರ ಹಾವಳಿಗೆ ತುತ್ತಾಗಿ, 1968ರಲ್ಲಿ ಗೋರಿಗಳನ್ನು ಬ್ರೂಕ್‌ವುಡ್‌ನ ಸೈನಿಕ ಸ್ಮಶಾನಕ್ಕೆ ವರ್ಗಾಯಿಸಬೇಕಾಯಿತು. ಖಾಲಿ ಗೋಡೆಗಳು ದಶಕಗಳ ಕಾಲ ಪಾಳುಬಿದ್ದಿದ್ದವು. 2015ರಲ್ಲಿ ದುರಸ್ತಿ ಮಾಡಿ ಶಾಂತಿ ಉದ್ಯಾನವಾಗಿ ತೆರೆದಿದ್ದಾರೆ. ಒಬ್ಬೊಬ್ಬ ಸಿಪಾಯಿಯ ಹೆಸರಿನಲ್ಲಿ ಒಂದೊಂದರಂತೆ ಹಿಮಾಲಯದ 27 ಭೂರ್ಜ ವೃಕ್ಷಗಳನ್ನು ನೆಟ್ಟಿದ್ದಾರೆ. ಊರಿನಲ್ಲಿ ಒಂದೇ ಜಾಗ ನೋಡಲು ಸಮಯವಿದೆ ಎನ್ನುವ ಭಾರತೀಯ ಪ್ರವಾಸಿಗೆ ಈ ಲೇಖಕನ ಶಿಫಾರಸು ಇದೇ.

ಅದೇ ಗೋಮಾಳದ ಇನ್ನೊಂದು ಮಗ್ಗುಲಲ್ಲಿ ಮರಳಿನ ಗುಣಿಯೊಂದಿದೆ. ಜಗತ್ತಿನ ಓದುಗರಿಗೆ ವೋಕಿಂಗ್‌ನ ಹೆಸರು ಗೊತ್ತಿರುವುದು ಇದರಿಂದಲೇ. 1895-96ರಲ್ಲಿ ರೈಲು ಹಳಿಯೆದುರಿನ ಸಣ್ಣ ಮನೆಯಲ್ಲಿದ್ದ ಎಚ್.ಜಿ. ವೆಲ್ಸ್ ಸೈಕಲ್ ಮೇಲೆ ಊರು ಸುತ್ತುತ್ತ, ಯಾವ ಯಾವ ಜಾಗವನ್ನು ನಾಶ ಮಾಡಿಸಬೇಕೆಂದು ಗುರುತು ಹಾಕಿಕೊಳ್ಳುತ್ತಿದ್ದ. 1898ರಲ್ಲಿ ಪುಸ್ತಕವಾಗಿ ಬಂದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯಲ್ಲಿ ಮಂಗಳ ಗ್ರಹದವರು ಬಂದಿಳಿಯುವುದು ಈ ಗುಣಿಯಲ್ಲಿ. ಲೈಟ್ನರರ ವಿದ್ಯಾಸಂಸ್ಥೆಯೂ ಮಸೀದಿಯ ಶಿಖರವೂ ಅವರ ಅಸ್ತ್ರಕ್ಕೆ ಉರುಳುತ್ತವೆ. ತಮ್ಮ ಊರನ್ನು ಸುಟ್ಟು ಬೂದಿ ಮಾಡಿದ ಲೇಖಕನ ಮೇಲೆ ಊರವರಿಗೆ ಸಿಟ್ಟಿಲ್ಲ. 1998ರಲ್ಲಿ ಏಳು ಮೀಟರ್ ಎತ್ತರದ ಮೂರು ಕಾಲಿನ ಲೋಹದ ಮಂಗಳಯಂತ್ರವನ್ನು ಪೇಟೆಯ ನಡುವೆ ನಿಲ್ಲಿಸಿದ್ದಾರೆ, 2016ರಲ್ಲಿ ವೆಲ್ಸ್‌ನ ಪ್ರತಿಮೆಯನ್ನೂ.

ಬೆಂಗಳೂರು ಬಲ್ಲ ಹೆಸರು

ಮತ್ತೆ ಬ್ರೂಕ್‌ವುಡ್‌ಗೆ ಬರೋಣ. ಅಧಿಕೃತ ಚರ್ಚಿನವರಲ್ಲದ ‘ಉಳಿದೆಲ್ಲರಿಗೂ’ ಜಾಗವಿಟ್ಟಿದ್ದರಿಂದ ಈ ಸ್ಮಶಾನಕ್ಕೆ ಒಂದು ಅನಿರೀಕ್ಷಿತ ಲಾಭವಾಯಿತು. ಲಂಡನ್ನಿನಲ್ಲಿ ಬೇರೆಲ್ಲೂ ನೆಲ ಸಿಗದ ಸಮುದಾಯಗಳು ಇಲ್ಲಿ ತಮ್ಮದೇ ತುಂಡುಗಳನ್ನು ಕೊಂಡುಕೊಂಡವು. ಪಾರ್ಸಿಗಳು 1862ರಲ್ಲೇ ಬಂದರು. ಮುಂಬಯಿಯಲ್ಲಿ ಮೃತದೇಹವನ್ನು ಮೌನಗೋಪುರದಲ್ಲಿ ಹದ್ದುಗಳಿಗೆ ಬಿಡುವ ಸಂಪ್ರದಾಯದವರು ಇಂಗ್ಲೆಂಡಿನಲ್ಲಿ ಮಣ್ಣಿಗೆ ಒಪ್ಪಿಕೊಳ್ಳಬೇಕಾಯಿತು. ಪ್ರಾಚೀನ ಇರಾನಿನ ಶೈಲಿಯ ಅವರ ಕಲ್ಲು ಸಮಾಧಿಗಳು ಎತ್ತರದ ಪೈನ್ ಮರಗಳ ನಡುವೆ ನಿಂತಿವೆ.

ಅಲ್ಲಿರುವವರಲ್ಲಿ ಜಮ್‌ಷೇಟ್‌ಜಿ ಟಾಟಾ ಒಬ್ಬರು. ಬೆಂಗಳೂರಿನ ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಬಡಾವಣೆಗೆ ಹೆಸರು ಬಂದದ್ದು ಅವರು ಜಪಾನಿ ತಜ್ಞರನ್ನು ಕರೆಸಿ ನಡೆಸಿದ ರೇಷ್ಮೆ ಪ್ರಯೋಗದಿಂದ. ಅದಕ್ಕಿಂತ ದೊಡ್ಡದು ಭಾರತೀಯ ವಿಜ್ಞಾನ ಮಂದಿರ. ಬೆಂಗಳೂರಿನ ಹಳಬರು ಇಂದಿಗೂ ಅದನ್ನು ಕರೆಯುವುದು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ. 1898ರಲ್ಲಿ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಅದಕ್ಕೆಂದು ಮುಡಿಪಿಟ್ಟ ಟಾಟಾ, ವೈಸರಾಯ್ ಸರ್ಕಾರದ ಅನುಮತಿಗಾಗಿ ಕಾದೂ ಕಾದೂ 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಕಣ್ಣುಮುಚ್ಚಿದರು. ದೇಹವನ್ನು ತಂದು ಮಣ್ಣು ಮಾಡಿದ್ದು ಬ್ರೂಕ್‌ವುಡ್‌ನಲ್ಲಿ. ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟು, 1909ರಲ್ಲಿ ಸಂಸ್ಥೆ ರೂಪುಗೊಂಡು, 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟದ್ದನ್ನು ಅವರು ನೋಡಲಿಲ್ಲ. ತಂದೆಯ ಯೋಜನೆಯನ್ನು ಕೈಗೂಡಿಸಿದವರಲ್ಲಿ ಮುಖ್ಯರಾದ ಮಗ ಸರ್ ದೊರಾಬ್‌ಜಿ ಟಾಟಾ 1932ರಲ್ಲಿ ತಮ್ಮ ಪತ್ನಿ ಮೆಹರ್‌ಬಾಯಿಯ ಸಮಾಧಿ ನೋಡಲು ಇಂಗ್ಲೆಂಡಿಗೆ ಹೊರಟವರು, ದಾರಿಯಲ್ಲಿ ಜರ್ಮನಿಯಲ್ಲೇ ತೀರಿಕೊಂಡರು. ಅವರೂ ಬ್ರೂಕ್‌ವುಡ್‌ಗೇ ಬಂದು ಹೆಂಡತಿಯ ಪಕ್ಕದಲ್ಲಿ ಮಲಗಿದರು.

ಮುಸ್ಲಿಮರ ಭಾಗದಲ್ಲಿ ಅಮೀರ್ ಅಲಿ ಇದ್ದಾರೆ. ಕುರಾನನ್ನು ಇಂಗ್ಲಿಷಿಗೆ ತಂದ ಇಬ್ಬರು ಹೆಸರಾಂತ ಅನುವಾದಕರೂ, ನಿಜಾಮರ ಹೈದರಾಬಾದಿನಲ್ಲಿ ದುಡಿದ ಮಾರ್ಮಡ್ಯೂಕ್ ಪಿಕ್ತಾಲ್ ಮತ್ತು ಅಬ್ದುಲ್ಲಾ ಯೂಸುಫ್ ಅಲಿ, ಇದೇ ಸ್ಮಶಾನದಲ್ಲಿದ್ದಾರೆ. ಮಸೀದಿ ಕಟ್ಟಿಸಿದ ಲೈಟ್ನರ್ ಕೂಡ ಇಲ್ಲೇ. ಎರಡು ಮಹಾಯುದ್ಧಗಳ ಐದು ಸಾವಿರಕ್ಕೂ ಹೆಚ್ಚು ಯೋಧರ ಬಿಳಿಗಲ್ಲುಗಳ ಸಾಲು ಪಕ್ಕದಲ್ಲಿದೆ.

ಬದುಕಿರುವವರ ವೋಕಿಂಗ್ ಈಗ ಕಷ್ಟದಲ್ಲಿದೆ. ನಗರಸಭೆ ಸಾಲದ ಮೇಲೆ ಸಾಲ ತಂದು ಪೇಟೆಯ ನಡುವೆ ಹೋಟೆಲು, ಅಂಗಡಿ, ಮೂವತ್ತಕ್ಕೂ ಹೆಚ್ಚು ಅಂತಸ್ತಿನ ಗೋಪುರಗಳನ್ನು ಎಬ್ಬಿಸಿತ್ತು. 2023ರ ಜೂನ್‌ನಲ್ಲಿ, ಸುಮಾರು 120 ಕೋಟಿ ಪೌಂಡ್ ಕೊರತೆ ಎದುರಾಗಲಿದೆ, ಇನ್ನು ಕೈಲಾಗದು ಎಂದು ಅದು ಘೋಷಿಸಿತು. ಆಮೇಲೆ ಹಲವು ಸೇವೆಗಳಿಗೆ ಕತ್ತರಿ ಬಿತ್ತು. ನೆಲದ ವ್ಯಾಪಾರದಲ್ಲಿ ಕೈಸುಟ್ಟುಕೊಳ್ಳುವುದು ಈ ಊರಿಗೆ ನೆಕ್ರೊಪೊಲಿಸ್ ಕಂಪನಿಯ ಕಾಲದಿಂದ ಬಂದ ಚಾಳಿಯೇನೋ! ಅದೇ ನಗರಸಭೆ 2014ರಲ್ಲಿ ಬ್ರೂಕ್‌ವುಡ್ ಸ್ಮಶಾನವನ್ನು ಕೊಂಡಿತ್ತು. ಖಾಸಗಿಯವರ ಕೈಯಲ್ಲಿ ವರ್ಷಗಟ್ಟಲೆ ಪೊದೆ ಬೆಳೆದು ಹಾಳಾಗಿದ್ದ ಜಾಗಕ್ಕೆ ಆಗ ಒಬ್ಬ ಜವಾಬ್ದಾರಿಯ ಯಜಮಾನ ಸಿಕ್ಕಿದನೆಂದು ಜನ ನೆಮ್ಮದಿಪಟ್ಟಿದ್ದರು.

ನೋಡಹೋಗುವವರು ವೋಕಿಂಗ್ ದಾಟಿ ಮುಂದಿನ ನಿಲ್ದಾಣ ಬ್ರೂಕ್‌ವುಡ್‌ನಲ್ಲಿ ಇಳಿಯಬೇಕು. ಅಲ್ಲಿಂದಲೇ ಸ್ಮಶಾನದೊಳಕ್ಕೆ ದಾರಿಯಿದೆ. ಹೆಣದ ರೈಲಿನ ಹಳಿ ಕಿತ್ತು ಬಹಳ ಕಾಲವಾಯಿತು, ಅದು ಹೋಗುತ್ತಿದ್ದ ಜಾಡು ಈಗ ಕಾಲುದಾರಿ. ಅದನ್ನು ಹಿಡಿದು ನಡೆದರೆ ದಕ್ಷಿಣ ನಿಲ್ದಾಣದ ಪ್ಲಾಟ್‌ಫಾರಂ ಹಾಗೇ ಉಳಿದಿರುವುದು ಕಾಣುತ್ತದೆ. ಅದರ ಪಕ್ಕದ ಹಳೆಯ ಪ್ರಾರ್ಥನಾ ಮಂದಿರದಲ್ಲಿ ಆರ್ಥೊಡಾಕ್ಸ್ ಕ್ರೈಸ್ತ ಸನ್ಯಾಸಿಗಳು 1980ರ ದಶಕದಿಂದ ವಾಸವಾಗಿದ್ದಾರೆ. 978ರಲ್ಲಿ ಕೊಲೆಯಾದ ಇಂಗ್ಲೆಂಡಿನ ದೊರೆ ಎಡ್ವರ್ಡ್‌ನವೆನ್ನಲಾದ ಅಸ್ಥಿಗಳಿಗೆ ಬೇರೆಲ್ಲೂ ನೆಲೆ ಸಿಗದೆ, ಕೊನೆಗೆ ಅವನ್ನೂ ಇಲ್ಲಿಗೇ ತಂದಿಟ್ಟಿದ್ದಾರೆ.